ಪಿಕಪ್‌ಗೆ ಶಕ್ತಿ ಕೂಡಿಸುವ ಮುನ್ನ

(ಸಂಘದ ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಓದಿರುವುದು ಎಸ್ಸೆಸ್ಸೆಲ್ಸಿ, ಮಾಡುವುದು ಬೇಸಾಯ. ಬೆಳ್ಳಿಹಬ್ಬಕ್ಕೆ ಪ್ರತಿ ನಿರ್ದೇಶಕರೂ ಒಂದೊಂದು ವಿಷಯ ಮಾತಾಡಬೇಕು ಅಂತ ಕಾರ್ಯದರ್ಶಿಗಳು ಹೇಳಿದಾಗ ನನಗೆ ದಿಗಿಲಾಯ್ತು. ಸಹಕಾರ ತತ್ವದ ಬಗ್ಗೆ ಮಾತಾಡಲು ನನಗಿಂತ ತಿಳಿದವರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ. ಆದ್ದರಿಂದ ನಾನು ದಿನಾ ಮುಟ್ಟುವ, ನಿಮ್ಮಲ್ಲಿ ಅರ್ಧದಷ್ಟು ಜನರ ಅಂಗಳದಲ್ಲೂ ನಿಂತಿರುವ ಒಂದು ವಸ್ತುವಿನ ಬಗ್ಗೆ ಮಾತಾಡ್ತೀನಿ. ಅದೇ ನಮ್ಮ ಪಿಕಪ್ ಗಾಡಿ. ಅದರಲ್ಲೂ, ಆ ಗಾಡಿಗೆ ಇನ್ನಷ್ಟು ಶಕ್ತಿ ಬರಬೇಕು ಅಂತ ನಾವು ಮಾಡಿಸುವ ಬದಲಾವಣೆಗಳ ಬಗ್ಗೆ.

ಇದೇನು ಬೆಳ್ಳಿಹಬ್ಬಕ್ಕೆ ಮಾತಾಡೋ ವಿಷಯವೇ ಅಂತ ಕೆಲವರು ನಗಬಹುದು. ಒಂದು ದಿನದ ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ ಡೈರಿಗೆ ಹಾಲಿನ ಕ್ಯಾನು, ಆಮೇಲೆ ಮಕ್ಕಳನ್ನು ಬಸ್ ನಿಲ್ದಾಣದವರೆಗೆ ಬಿಡೋದು, ಮಧ್ಯಾಹ್ನ ಸಂಘದಿಂದ ಗೊಬ್ಬರ, ಸಂಜೆ ತೋಟದಿಂದ ಕಣಕ್ಕೆ ಕಾಫಿ ಹಣ್ಣು, ರಾತ್ರಿ ಯಾರಿಗಾದರೂ ಹೊಟ್ಟೆನೋವು ಬಂದರೆ ಸಕಲೇಶಪುರದ ಆಸ್ಪತ್ರೆಗೆ. ಎಲ್ಲದಕ್ಕೂ ಒಂದೇ ಗಾಡಿ. ಪೇಟೆಯವರಿಗೆ ಕೆಲಸಕ್ಕೊಂದು, ಶೋಕಿಗೊಂದು ಇರುತ್ತೆ. ನಮಗೆ ಹಾಗಲ್ಲ. ಅದು ಕೆಟ್ಟು ನಿಂತರೆ ಮನೆಯೇ ನಿಂತ ಹಾಗೆ.

ಗಾಡಿ ಬದಲಾಯಿಸಿಕೊಳ್ಳೋದು ನಮ್ಮ ಮಲೆನಾಡಿಗೆ ಹೊಸದೂ ಅಲ್ಲ. ನಾನು ಹುಡುಗನಾಗಿದ್ದಾಗ ಹಳೇ ಪೆಟ್ರೋಲ್ ಜೀಪುಗಳ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿಕೊಂಡವರನ್ನು ನೋಡಿದ್ದೀನಿ. ಮಳೆಗಾಲದಲ್ಲಿ ಚಕ್ರಕ್ಕೆ ಕಬ್ಬಿಣದ ಚೈನು ಕಟ್ಟಿ ಕೆಸರು ದಾಟಿಸೋರು. ಅವರು ಮಾಡಿದ್ದೆಲ್ಲ ಅಗತ್ಯಕ್ಕೆ. ರಸ್ತೆ ಇರಲಿಲ್ಲ, ಪೆಟ್ರೋಲಿಗೆ ದುಡ್ಡಿರಲಿಲ್ಲ. ಈಗಿನ ಹುಡುಗರು ಆಫ್‌ರೋಡ್ ಜೀಪು ಸ್ಪರ್ಧೆ ನೋಡಿ ಬಂದು ಮನೆ ಗಾಡಿಗೂ ಅದನ್ನೇ ಮಾಡಿಸಬೇಕು ಅಂತಾರೆ. ಸ್ಪರ್ಧೆ ಗಾಡಿ ಮುರಿದರೆ ಟ್ರೈಲರ್ ಮೇಲೆ ಹೊತ್ಕೊಂಡು ಹೋಗ್ತಾರೆ. ನಮ್ಮ ಗಾಡಿ ಮಾರನೇ ದಿನ ಬೆಳಿಗ್ಗೆ ಹಾಲು ಹೊರಬೇಕು.

ನಮ್ಮ ಮನೆಯಲ್ಲೂ ಇದೇ ಆಯ್ತು. ಹೋದ ಮಳೆಗಾಲ ಮುಗಿದ ಮೇಲೆ ನನ್ನ ಮಗ ಒಂದು ನೋಟ್‌ಬುಕ್ ತಂದು ಮುಂದಿಟ್ಟ. ಅವನಿಗೆ ಈಗ ಇಪ್ಪತ್ತೊಂದು. "ಅಪ್ಪಾ, ಗಾಡಿ ಏರು ಎಳೀತಿಲ್ಲ. ಇಷ್ಟು ಮಾಡಿಸಿಬಿಡೋಣ" ಅಂದ. ಪಟ್ಟಿ ಹೀಗಿತ್ತು: ಎಂಜಿನ್ ಶಕ್ತಿ ಹೆಚ್ಚಿಸುವ ಎಲೆಕ್ಟ್ರಾನಿಕ್ ಬಾಕ್ಸ್ 22,000, ಅಗಲದ ಟೈರು ಮತ್ತು ಅಲಾಯ್ ಚಕ್ರ 62,000, ಗಾಡಿ ಎತ್ತರಿಸೋದು 16,000, ಮುಂದಿನ ಕಬ್ಬಿಣದ ಗಾರ್ಡು 9,000, ಸೈಲೆನ್ಸರ್ 7,500, ತಲೆ ಮೇಲೆ ಎಲ್‌ಇಡಿ ಲೈಟಿನ ಪಟ್ಟಿ 6,000, ಹಾರ್ನು 2,500. ಒಟ್ಟು 1,25,000 ರೂಪಾಯಿ. ಸಂಘದಲ್ಲಿ ಸಾಲ ತೆಗೆಯೋಣ, ನೀನೇ ನಿರ್ದೇಶಕ ಅಲ್ವಾ ಅಂತ ಬೇರೆ ಅಂದ.

ನಾನು ಬೈಯಲಿಲ್ಲ. ಬೈಯೋ ಯೋಗ್ಯತೆ ನನಗಿರಲಿಲ್ಲ. ಯಾಕೆ ಅಂತ ನಿಮಗೆ ಹೇಳ್ತೀನಿ. ಇದನ್ನು ನಾನು ಸಭೆಯಲ್ಲಿ ಹೇಳ್ತಿರೋದು ಇದೇ ಮೊದಲು.

2019ರ ಜನವರಿ. ಆ ವರ್ಷ ಶುಂಠಿ ಹಾಕಿದ್ದೆ. ಗಾಡಿ ಹೊರುವ ಭಾರ 1,300 ಕಿಲೋ ಅಂತ ಪುಸ್ತಕದಲ್ಲಿದೆ. ಶುಂಠಿ ಚೀಲ 60 ಕಿಲೋ ಲೆಕ್ಕ, ಅಂದರೆ 21 ಚೀಲಕ್ಕೆ 1,260 ಕಿಲೋ, ಅಲ್ಲಿಗೆ ಮುಗೀತು. ಆದರೆ ಎರಡು ಸಲ ಹೋಗೋ ಬದಲು ಒಂದೇ ಸಲ ಹೋದರೆ ಡೀಸೆಲ್ ಉಳಿಯುತ್ತೆ ಅನ್ನೋ ಆಸೆ. ಭಾರ ಹಾಕಿದರೆ ಹಿಂದೆ ಕುಸೀತಿತ್ತು. ಒಂದು ಗ್ಯಾರೇಜಿನಲ್ಲಿ ಹಿಂದಿನ ಸ್ಪ್ರಿಂಗಿಗೆ ಎರಡೆರಡು ಪ್ಲೇಟು ಜಾಸ್ತಿ ಹಾಕಿಸಿದೆ. "ಇನ್ನು ಎಷ್ಟು ಬೇಕಾದರೂ ಹಾಕಿ ಅಣ್ಣ, ಏನೂ ಆಗಲ್ಲ" ಅಂದರು. ನನಗೂ ಅದೇ ಮಾತು ಬೇಕಾಗಿತ್ತು. 34 ಚೀಲ ಹೇರಿದೆ. ಅಂದರೆ 2,040 ಕಿಲೋ. ಗಾಡಿ ಕುಸಿಯಲೇ ಇಲ್ಲ, ನೆಟ್ಟಗೆ ನಿಂತಿತ್ತು. ನನಗೆ ಹೆಮ್ಮೆ.

ಹೆತ್ತೂರು ಕಡೆಯಿಂದ ಸಕಲೇಶಪುರಕ್ಕೆ ಬರೋ ದಾರಿಯ ಒಂದು ಇಳಿಜಾರು. ಪಕ್ಕದಲ್ಲಿ ಮಗ ಕೂತಿದ್ದ, ಆಗ ಒಂಬತ್ತನೇ ಕ್ಲಾಸು. ಸ್ಕೂಲಿಗೆ ಬಿಟ್ಟು ಹೋಗೋಣ ಅಂತ ಹತ್ತಿಸಿಕೊಂಡಿದ್ದೆ. ಮೂರ್ನಾಲ್ಕು ತಿರುವು ಬ್ರೇಕ್ ಹಿಡಿದುಕೊಂಡೇ ಇಳಿದೆ. ಐದನೇ ತಿರುವಿಗೆ ಪೆಡಲ್ ಒತ್ತಿದರೆ ಕಾಲು ನೆಲಕ್ಕೇ ಹೋಯ್ತು. ಇನ್ನೊಂದು ಸಲ ಒತ್ತಿದೆ, ಏನೂ ಇಲ್ಲ. ಎಡಗಡೆ ಪ್ರಪಾತ, ಬಲಗಡೆ ದರೆ. ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಡಿಯನ್ನು ದರೆಗೆ ಉಜ್ಜಿ ನಿಲ್ಲಿಸಿದೆ. ಎದುರಿಂದ ಆ ಹೊತ್ತಿಗೆ ಒಂದು ಬಸ್ಸು ಬಂದಿದ್ದರೆ ನಾನು ಇವತ್ತು ಇಲ್ಲಿ ನಿಂತು ಮಾತಾಡ್ತಿರಲಿಲ್ಲ. ಮಗನಿಗೆ ಹಣೆಗೆ ಮೂರು ಹೊಲಿಗೆ. ಮನೆಯಲ್ಲಿ "ಚಕ್ರ ಜಾರಿತು" ಅಂತ ಸುಳ್ಳು ಹೇಳಿದೆ.

ಆಮೇಲೆ ಹಾಸನದಲ್ಲಿ ಒಬ್ಬ ವಯಸ್ಸಾದ ಮೆಕ್ಯಾನಿಕ್ ಗಾಡಿ ಕೆಳಗೆ ಮಲಗಿ ನೋಡಿ ನನಗೆ ತಿಳಿಸಿ ಹೇಳಿದರು. ಆ ಮಾತನ್ನು ಎಲ್ಲರೂ ಕೇಳಿಸಿಕೊಳ್ಳಬೇಕು. ಬಹಳಷ್ಟು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೂ ಚಾಸಿಗೂ ನಡುವೆ ಒಂದು ಸಣ್ಣ ಸರಳು, ಅದಕ್ಕೊಂದು ವಾಲ್ವ್ ಇರುತ್ತೆ. ಭಾರ ಬಿದ್ದು ಹಿಂಭಾಗ ಕುಸಿದಷ್ಟೂ ಆ ವಾಲ್ವ್ ಹಿಂದಿನ ಚಕ್ರದ ಬ್ರೇಕಿಗೆ ಒತ್ತಡ ಜಾಸ್ತಿ ಬಿಡುತ್ತೆ. ಗಾಡಿ ಖಾಲಿ ಇದ್ದರೆ ಕಡಿಮೆ ಬಿಡುತ್ತೆ, ಇಲ್ಲದಿದ್ದರೆ ಹಿಂದಿನ ಚಕ್ರ ಲಾಕ್ ಆಗಿ ಜಾರುತ್ತೆ. ನಾನು ಪ್ಲೇಟು ಹಾಕಿಸಿ ಗಾಡಿ ಕುಸಿಯದ ಹಾಗೆ ಮಾಡಿದ್ದೆ. ಎರಡು ಟನ್ ಹೇರಿದ್ದರೂ ವಾಲ್ವ್ ಪಾಲಿಗೆ ಗಾಡಿ ಖಾಲಿ! ಹಿಂದಿನ ಬ್ರೇಕು ಸರಿಯಾಗಿ ಹಿಡೀಲೇ ಇಲ್ಲ. ಎಲ್ಲಾ ಕೆಲಸ ಮುಂದಿನ ಬ್ರೇಕಿನ ಮೇಲೆ ಬಿತ್ತು, ಅದು ಕಾದು ಕೆಂಡವಾಯ್ತು, ಒಳಗಿನ ಬ್ರೇಕ್ ಆಯಿಲ್ ಕುದಿದು ಆವಿಯಾಯ್ತು. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತೆಯೇ ಹೊರತು ಒತ್ತಡ ಮುಂದಕ್ಕೆ ಕೊಡೋದಿಲ್ಲ. ಪೆಡಲ್ ನೆಲಕ್ಕೆ ಹೋಗಿದ್ದು ಅದಕ್ಕೇ. ಗಾಡಿ ಕುಸಿದು "ಸಾಕಪ್ಪ" ಅಂತ ಹೇಳ್ತಿತ್ತು. ನಾನು ಅದರ ಬಾಯಿಗೆ ಬಟ್ಟೆ ತುರುಕಿದ್ದೆ.

ಹಾಗಾಗಿ ಮಗನ ಪಟ್ಟಿ ನೋಡಿದಾಗ ಆರು ವರ್ಷ ಮುಚ್ಚಿಟ್ಟಿದ್ದ ಈ ಸಂಗತಿಯನ್ನು ಅವನಿಗೂ, ಅವರಮ್ಮನಿಗೂ ಹೇಳಿದೆ. ಮನೆಯವರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಅಪ್ಪ ಮಗ ಇಬ್ಬರೂ ಕೂತು ಅದೇ ನೋಟ್‌ಬುಕ್‌ನಲ್ಲಿ ಇನ್ನೊಂದು ಪಟ್ಟಿ ಬರೆದೆವು. ಆ ಪಟ್ಟಿಯ ಕ್ರಮವನ್ನೇ ತಮ್ಮ ಮುಂದೆ ಇಡ್ತೀನಿ.

ಮೊದಲನೆಯದು, ಇರೋ ಶಕ್ತಿ ಪೂರ್ತಿ ಸಿಗ್ತಿದೆಯಾ ನೋಡಬೇಕು. ಏರು ಎಳೆಯೋದಿಲ್ಲ ಅಂದ ತಕ್ಷಣ ಎಂಜಿನ್ ಸಣ್ಣದು ಅಂತ ಅರ್ಥವಲ್ಲ. ಬೇಸಿಗೆಯ ಕೆಂಧೂಳಿಗೆ ಏರ್ ಫಿಲ್ಟರ್ ಕಟ್ಟಿರಬಹುದು, ಡೀಸೆಲ್ ಫಿಲ್ಟರ್‌ನಲ್ಲಿ ನೀರು ನಿಂತಿರಬಹುದು, ಕ್ಲಚ್ ಜಾರುತ್ತಿರಬಹುದು, ಬ್ರೇಕು ಬಿಡದೆ ಚಕ್ರ ಹಿಡಿದುಕೊಂಡಿರಬಹುದು. ನಮ್ಮ ಗಾಡಿಯಲ್ಲಿ ಟರ್ಬೋದಿಂದ ಎಂಜಿನ್‌ಗೆ ಗಾಳಿ ಹೋಗೋ ರಬ್ಬರ್ ಪೈಪು ಅಡಿಯಲ್ಲಿ ಸೀಳಿತ್ತು. ಟರ್ಬೋ ತಳ್ಳಿದ ಗಾಳಿ ಹೊರಗೇ ಹೋಗ್ತಿತ್ತು. ಪೈಪು, ಎರಡು ಫಿಲ್ಟರ್, ಕೂಲಿ ಸೇರಿ 2,600 ರೂಪಾಯಿ. ಮಾರನೇ ದಿನ ಅದೇ ಏರನ್ನು ಗಾಡಿ ಒಂದು ಗೇರು ಮೇಲೆ ಹತ್ತಿತು. ಇದನ್ನು ನೋಡದೆ 22,000ದ ಬಾಕ್ಸ್ ಹಾಕಿಸಿದ್ದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗ್ತಿತ್ತು.

ಎರಡನೆಯದು ಬ್ರೇಕು. ಒಂದು ಲೆಕ್ಕ ಕೇಳಿ. ಭಾರ ಸೇರಿ ಮೂರು ಟನ್ ಇರೋ ಗಾಡಿ 500 ಮೀಟರ್ ಎತ್ತರ ಇಳಿಯಿತು ಅನ್ನಿ. ಶಿರಾಡಿ ಘಾಟಿ ಇಳಿದು ಗುಂಡ್ಯ ತಲುಪುವವರೆಗೆ ಅದಕ್ಕಿಂತ ಜಾಸ್ತಿಯೇ ಇಳೀತೀವಿ. ಆ ಇಳಿತದ ಶಕ್ತಿಯೆಲ್ಲ ಬ್ರೇಕಿನಲ್ಲೇ ಶಾಖವಾದರೆ, ನಮ್ಮ ಬಚ್ಚಲ ಹಂಡೆಯಲ್ಲಿ 45 ಲೀಟರ್ ತಣ್ಣೀರು ಕುದಿಯುವಷ್ಟು ಬೆಂಕಿ ಅದು. ಅಷ್ಟು ಬೆಂಕಿಯನ್ನು ಅಂಗೈ ಅಗಲದ ಬ್ರೇಕ್ ಪ್ಯಾಡ್‌ಗಳ ಕೈಗೆ ಕೊಡ್ತೀವಿ. ವೇಗ 30ರಿಂದ 60ಕ್ಕೆ ಹೋದರೆ ನಿಲ್ಲಿಸಲು ಬೇಕಾದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅದಕ್ಕೇ ಯಾವ ಗೇರಿನಲ್ಲಿ ಹತ್ತುತ್ತೀವೋ ಅದೇ ಗೇರಿನಲ್ಲಿ ಇಳಿಯಬೇಕು, ಆಗ ಅರ್ಧ ಕೆಲಸ ಎಂಜಿನ್ ಮಾಡುತ್ತೆ. ಡೀಸೆಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡಿ ಇಳಿಯೋರು ಇಲ್ಲೂ ಇದ್ದೀರಿ, ಮುಖ ನೋಡಿದರೆ ಗೊತ್ತಾಗುತ್ತೆ! ಈಗಿನ ಎಂಜಿನ್‌ಗಳಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟು ಇಳಿದರೆ ಡೀಸೆಲ್ ತಾನೇ ನಿಲ್ಲುತ್ತೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದಿರಲು ಡೀಸೆಲ್ ಕುಡಿಯುತ್ತಲೇ ಇರುತ್ತೆ. ಅಕಸ್ಮಾತ್ ಎಂಜಿನ್ ಆಫ್ ಆದರೆ ಬ್ರೇಕ್ ಬೂಸ್ಟರ್‌ನ ಬಲವೂ ಒಂದೆರಡು ಒತ್ತಿಗೆ ಮುಗಿದು ಹೋಗುತ್ತೆ.

ಬ್ರೇಕ್ ಆಯಿಲ್ ಬಗ್ಗೆ ಇನ್ನೊಂದು ಮಾತು. ಅದು ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತೆ. ನಮ್ಮ ಜೂನ್ ತಿಂಗಳ ಮಳೆಯಲ್ಲಿ ಬೀರುವಿನೊಳಗಿನ ಬಟ್ಟೆಯೇ ಬೂಷ್ಟು ಹಿಡಿಯುವಾಗ ಇದರ ಗತಿ ಕೇಳಬೇಕೇ? ಡಾಟ್-3 ಅನ್ನೋ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅಂತ ಮಾನದಂಡ. ನೀರು ಸೇರಿದ ಮೇಲೆ ಅದೇ ಮಾನದಂಡ 140 ಡಿಗ್ರಿಗೆ ಇಳಿಯುತ್ತೆ. ಡಾಟ್-4 ಆದರೆ 230 ಮತ್ತು 155. ನಾನು ಗಾಡಿ ತಗೊಂಡ ದಿನದಿಂದ ಅದನ್ನು ಬದಲಾಯಿಸಿರಲೇ ಇಲ್ಲ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ, ಗಾಡಿಯ ಪುಸ್ತಕದಲ್ಲಿ ಬರೆದಿರೋ ಆಯಿಲ್ಲೇ ಹಾಕಿಸಿ. ಪ್ಯಾಡು, ಹಿಂದಿನ ಲೈನಿಂಗ್, ರಬ್ಬರ್ ಹೋಸು, ಆಯಿಲ್ ಎಲ್ಲಾ ಸೇರಿ ನನಗೆ 11,400 ಬಿತ್ತು.

ಮೂರನೆಯದು ಟೈರು. ಮಗ ಕೇಳಿದ್ದು ಅಗಲದ, ಎತ್ತರದ ಟೈರು. ನಮ್ಮದು 215/75 ಆರ್ 15. ಅವನು ಬರೆದದ್ದು 235/75 ಆರ್ 15. ಇಬ್ಬರೂ ಕೂತು ಗುಣಿಸಿದೆವು. ಹಳೇದರ ಎತ್ತರ ಸುಮಾರು 703 ಮಿಲಿಮೀಟರ್, ಹೊಸದರದ್ದು 733. ನೂರಕ್ಕೆ ನಾಲ್ಕಕ್ಕಿಂತ ಜಾಸ್ತಿ ವ್ಯತ್ಯಾಸ. ಚಕ್ರ ದೊಡ್ಡದಾದರೆ ಏರಿನಲ್ಲಿ ಎಳೆಯುವ ಬಲ ಅಷ್ಟೇ ಕಡಿಮೆಯಾಗುತ್ತೆ, ಬ್ರೇಕಿಗೂ ಅಷ್ಟೇ ಕಷ್ಟ ಜಾಸ್ತಿ, ಮೀಟರ್ 60 ತೋರಿಸುವಾಗ ಗಾಡಿ 62ರ ಮೇಲೆ ಓಡ್ತಿರುತ್ತೆ. ಏರು ಎಳೆಯಲಿ ಅಂತ ಬಾಕ್ಸು, ಎಳೆಯದ ಹಾಗೆ ಟೈರು! ಇದನ್ನು ಗುಣಿಸಿ ನೋಡಿದ ಮೇಲೆ ಅವನೇ ಗೀಟು ಹೊಡೆದ.

ಅದೇ ಅಳತೆಯ, ಭಾರ ಹೊರುವ ದರ್ಜೆಯ ಒಳ್ಳೇ ಟೈರು ನಾಲ್ಕು ಹಾಕಿಸಿದೆವು, 28,000 ಆಯ್ತು. ಟೈರ್ ತಗೊಳ್ಳುವಾಗ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, ನೋಡಿ. 2319 ಅಂತ ಇದ್ದರೆ 2019ರ 23ನೇ ವಾರ ತಯಾರಾದದ್ದು. ಅಂಗಡಿಯಲ್ಲಿ ಕೂತು ಹಳೇದಾದ ಟೈರಿಗೆ ಹೊಸ ಟೈರಿನ ದುಡ್ಡು ಕೊಡಬೇಡಿ. ಕಚ್ಚು 1.6 ಮಿಲಿಮೀಟರ್‌ಗೆ ಬಂದರೆ ಟೈರಿನ ಆಯುಸ್ಸು ಮುಗೀತು. ನಮ್ಮ ಮಳೆಗೆ ಅಲ್ಲಿವರೆಗೂ ಕಾಯದೆ 3 ಮಿಲಿಮೀಟರ್ ಇರುವಾಗಲೇ ಬದಲಾಯಿಸಿದರೆ ಕ್ಷೇಮ.

ನಾಲ್ಕನೆಯದು ಸ್ಪ್ರಿಂಗು. ಜಾಸ್ತಿ ಹಾಕಿಸಿದ್ದ ಪ್ಲೇಟುಗಳನ್ನು 2019ರಲ್ಲೇ ತೆಗೆಸಿದ್ದೆ. ಈ ಸಲ ಸವೆದ ಬುಷ್ಷು, ಸೋರುತ್ತಿದ್ದ ಶಾಕ್ ಅಬ್ಸಾರ್ಬರ್ ಬದಲಾಯಿಸಿ ಆ ವಾಲ್ವಿನ ಸರಳನ್ನು ಸರಿಯಾಗಿ ಕೂರಿಸಿಕೊಂಡೆವು. 7,800 ರೂಪಾಯಿ. ಗಾಡಿ ಎತ್ತರಿಸುವ ಯೋಚನೆ ಬಿಟ್ಟೆವು. ಎತ್ತರದ ಗಾಡಿ ತಿರುವಿನಲ್ಲಿ ಬೇಗ ವಾಲುತ್ತೆ. ಚೀಲ ಹೇರಿದ ಮೇಲಂತೂ ಹೇಳೋದೇ ಬೇಡ.

ಕೊನೆಯದು ಎಂಜಿನ್ ಶಕ್ತಿ. ಡೀಸೆಲ್ ಎಂಜಿನ್‌ಗೆ ಶಕ್ತಿ ಬರೋದು ಜಾಸ್ತಿ ಡೀಸೆಲ್, ಅದಕ್ಕೆ ತಕ್ಕ ಜಾಸ್ತಿ ಗಾಳಿಯಿಂದ. ಹಳೇ ಗಾಡಿಗಳಲ್ಲಿ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಬಿಡೋರು. ಗಾಳಿ ಸಾಲದೆ ಕರೀ ಹೊಗೆ ಬರೋದು, ಪಿಸ್ಟನ್ ಸುಟ್ಟು ಹೋಗೋದು. ಈಗಿನ ಬಾಕ್ಸು ಅದೇ ಕೆಲಸವನ್ನು ಜಾಣತನದಿಂದ ಮಾಡುತ್ತೆ, ಶಕ್ತಿ ಬರೋದು ಸುಳ್ಳಲ್ಲ. ಆದರೆ ಆ ಶಕ್ತಿ ಕ್ಲಚ್ಚು, ಗೇರ್‌ಬಾಕ್ಸು, ಕ್ರೌನು ಎಲ್ಲಾ ದಾಟಿ ಚಕ್ರಕ್ಕೆ ಬರಬೇಕು. ಅವುಗಳನ್ನು ಕಂಪನಿ ಮಾಡಿದ್ದು ಹಳೇ ಶಕ್ತಿಗೆ. ಏರಿನಲ್ಲಿ ಭಾರ ಹೊತ್ತು ನಿಧಾನಕ್ಕೆ ಹೋಗುವಾಗ ರೇಡಿಯೇಟರ್‌ಗೆ ಗಾಳಿಯೂ ಕಡಿಮೆ. ಬಿಎಸ್-6 ಗಾಡಿಗಳಲ್ಲಿ, ಅಂದರೆ 2020ರ ಏಪ್ರಿಲ್ ನಂತರದವುಗಳಲ್ಲಿ, ಹೊಗೆ ಶುದ್ಧ ಮಾಡೋ ಸಾಧನಗಳಿವೆ. ಜಾಸ್ತಿ ಡೀಸೆಲ್ ಬಿಟ್ಟರೆ ಅವೂ ಮಸಿ ಕಟ್ಟುತ್ತವೆ.

ಇನ್ನು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರೋ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಮಾಲೀಕರು ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ, ನಾನು ದರೆಗೆ ಗುದ್ದಿದ ಅದೇ ತಿಂಗಳು, ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ ಅಂತ ಸೇರಿಸಿದ್ದಾರೆ. ಮುಂದಿನ ಕಬ್ಬಿಣದ ಗಾರ್ಡು ಕಾಯ್ದೆಗೆ ವಿರುದ್ಧ ಅಂತ ಕೇಂದ್ರ ಸರ್ಕಾರ 2017ರಲ್ಲೇ ಹೇಳಿದೆ. ಹೆಚ್ಚು ಭಾರ ಹೇರಿದರೆ ಕೇಂದ್ರ ಕಾಯ್ದೆಯಲ್ಲಿ 20,000, ಮೇಲೆ ಪ್ರತಿ ಟನ್‌ಗೆ 2,000. ದಂಡವಾದರೂ ಕಟ್ಟಬಹುದು. ಅಪಘಾತವಾದಾಗ ವಿಮೆಯವರು ಗಾಡಿ ಬದಲಾಯಿಸಿದ್ದೀರಿ ಅಂತ ತಕರಾರು ತೆಗೆದರೆ ತೋಟ ಮಾರಬೇಕಾಗುತ್ತೆ. ಆಳುಗಳನ್ನು ಹಿಂದೆ ನಿಲ್ಲಿಸಿಕೊಂಡು ಹೋಗೋದಕ್ಕೂ ಈ ಮಾತು ಸೇರುತ್ತೆ. ಅವರೂ ಯಾರದೋ ಮನೆಯ ದೀಪ.

ಮಗನ ಪಟ್ಟಿಯಲ್ಲಿ ಒಂದು ವಿಷಯ ಮಾತ್ರ ಅವನೇ ಸರಿ, ನಾನು ತಪ್ಪು. ಬೆಳಕು. ಸಕಲೇಶಪುರ, ಆಲೂರು ಎರಡೂ ಕಡೆ ರಾತ್ರಿ ರಸ್ತೆಗೆ ಆನೆ ಇಳಿಯೋದು ತಮಗೆ ಗೊತ್ತೇ ಇದೆ. "ನಮ್ಮ ಹೆಡ್‌ಲೈಟಿನಲ್ಲಿ ಆನೆ ಕಾಣೋದು ಅದು ಬಾಗಿಲ ಹತ್ತಿರ ಬಂದ ಮೇಲೇ ಅಪ್ಪ" ಅಂದ. ನೋಡಿದರೆ ಗಾಜು ಹಳದಿ ತಿರುಗಿತ್ತು, ವೈರು ತುಕ್ಕು ಹಿಡಿದು ಬಲ್ಬಿಗೆ ಕರೆಂಟೇ ಪೂರ್ತಿ ಹೋಗ್ತಿರಲಿಲ್ಲ. ಗಾಜು ಉಜ್ಜಿಸಿ, ವೈರು ಬದಲಾಯಿಸಿ, ದೀಪದ ಕೋನ ಸರಿ ಮಾಡಿಸಿದೆವು. ಹಿಂದೆ ಹೊಳೆಯುವ ಪಟ್ಟಿ ಅಂಟಿಸಿದೆವು. ಈ ಕೆಲಸವನ್ನೆಲ್ಲ ಅವನೇ ಮಾಡಿದ, ಪುಡಿಗಾಸಿನಲ್ಲಿ ಮುಗೀತು. ತಲೆ ಮೇಲಿನ ಎಲ್‌ಇಡಿ ಪಟ್ಟಿ ಬೇಡ ಅಂತ ಅವನೇ ಒಪ್ಪಿಕೊಂಡ. ಮಂಜಿನಲ್ಲಿ ಆ ಬೆಳಕು ತಿರುಗಿ ನಮ್ಮ ಕಣ್ಣಿಗೇ ಹೊಡೆಯುತ್ತೆ, ಎದುರಿನವನಿಗೆ ದಾರಿಯೇ ಕಾಣೋದಿಲ್ಲ.

ಪೈಪು, ಬ್ರೇಕು, ಟೈರು, ಶಾಕ್ ಅಬ್ಸಾರ್ಬರ್ ಸೇರಿ ಒಟ್ಟು ಖರ್ಚು 49,800 ರೂಪಾಯಿ. 1,25,000 ಅಲ್ಲ. ಗಾಡಿ ಏರೂ ಎಳೀತಿದೆ, ಇಳಿಜಾರಿನಲ್ಲಿ ನಿಲ್ತಾನೂ ಇದೆ. ಶುಂಠಿ ಈಗಲೂ ಹಾಕ್ತೀವಿ, 21 ಚೀಲಕ್ಕೆ ನಿಲ್ಲಿಸ್ತೀವಿ, ಎರಡು ಸಲ ಹೋಗ್ತೀವಿ.

ಈಗ ಸಂಘದ ಮಾತಿಗೆ ಬರ್ತೀನಿ. ಒಬ್ಬೊಬ್ಬರೇ ಗೊಬ್ಬರ ತಂದರೆ ದುಬಾರಿ ಅಂತಲೇ ನಮ್ಮ ಹಿರಿಯರು ಇಪ್ಪತ್ತೈದು ವರ್ಷದ ಹಿಂದೆ ಸಂಘ ಕಟ್ಟಿದ್ದು. ಗಾಡಿ ವಿಷಯದಲ್ಲೂ ಅದೇ ದಾರಿ ಹಿಡಿಯಬಹುದು ಅಂತ ನನ್ನ ಅಭಿಪ್ರಾಯ. ಆಡಳಿತ ಮಂಡಳಿಯ ಮುಂದೆ ಮೂರು ಸಲಹೆ ಇಡ್ತೀನಿ. ಒಂದು, ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ, ನಮ್ಮ ಸಂಘದ ಆವರಣಕ್ಕೆ ಒಬ್ಬ ನುರಿತ ಮೆಕ್ಯಾನಿಕ್‌ನನ್ನು ಕರೆಸಿ ಸದಸ್ಯರ ಎಲ್ಲಾ ಪಿಕಪ್, ಜೀಪುಗಳ ಬ್ರೇಕು ಮತ್ತು ಟೈರು ತಪಾಸಣೆ ಮಾಡಿಸೋದು. ಎರಡು, ಬ್ರೇಕ್ ಆಯಿಲ್, ಟೈರುಗಳನ್ನು ಒಟ್ಟಾಗಿ ಕೊಂಡು ಸದಸ್ಯರಿಗೆ ಕೊಡೋದು. ಮೂರು, ಗಾಡಿ ದುರಸ್ತಿಗೆ ಸಾಲ ಕೇಳಿದವರಿಗೆ ಮೊದಲು ಬ್ರೇಕು, ಟೈರು ಸರಿ ಇದೆಯೇ ಅಂತ ನೋಡಿ ಆಮೇಲೆ ಉಳಿದದ್ದಕ್ಕೆ ಕೊಡೋದು. ನನ್ನ ಮಗ ಕೇಳಿದರೂ ಇದೇ ನಿಯಮ.

ಗೋದಾಮಿನ ತೂಕದ ಯಂತ್ರ ಯಾವಾಗಲೂ ಅಲ್ಲೇ ಇರುತ್ತೆ. ಚೀಲ ಹೇರುವ ಮುಂಚೆ ಒಂದೆರಡು ಚೀಲ ತೂಗಿ ನೋಡಿ. ಯೂರಿಯಾ ಚೀಲ 2018ರಿಂದ 45 ಕಿಲೋ ಆಗಿದೆ, ಶುಂಠಿ 60, ಹಸಿ ಕಾಫಿ ಹಣ್ಣು ತುಂಬಿದ್ದರ ಮೇಲೆ ಬೇರೆ ಬೇರೆ. ಕಣ್ಣಂದಾಜು ಬೇಡ. ನನ್ನ ಕಣ್ಣಂದಾಜಿಗೆ ಮಗನ ಹಣೆಯ ಮೇಲೆ ಇವತ್ತಿಗೂ ಗುರುತಿದೆ.

ಈ ಸಲ ಕಾಫಿ ಕೊಯ್ಲಿಗೆ ಗಾಡಿ ಓಡಿಸೋನು ಅವನೇ. ಮೊದಲನೇ ದಿನ ಇಳಿಜಾರಿಗೆ ಬರುವ ಮುಂಚೆ ನಾನು ಹೇಳದೆಯೇ ಎರಡನೇ ಗೇರಿಗೆ ಹಾಕಿದ. ನಾನು ಕಿಟಕಿ ಕಡೆ ಮುಖ ಮಾಡಿ ಕೂತೆ.

 ಸಂಘ ಚಿನ್ನದ ಹಬ್ಬ ಕಾಣಲಿ, ಅಲ್ಲಿಯವರೆಗೆ ನಮ್ಮೂರಿನ ಎಲ್ಲಾ ಗಾಡಿಗಳೂ ದಿನಾ ಸಂಜೆ ಕ್ಷೇಮವಾಗಿ ಮನೆ ಸೇರಲಿ ಅಂತ ಹಾರೈಸಿ ನನ್ನ ಮಾತು ಮುಗಿಸ್ತೀನಿ.